ಮಾವನ ಕೊನೆಯ ಮೀನು

ದರ್ಜಿಯ ಮಾವ ಸಾಯುವುದಕ್ಕೆಂದು ಒಂದು ವಾರದ ಮಟ್ಟಿಗೆ ಅಳಿಯನ ಮನೆಗೆ ಬಂದು ಒಂಬತ್ತು ವಾರಗಳಾಗಿದ್ದವು.

ಒಂದು ವಾರ ಎಂದವರು ಡಾಕ್ಟರು. ಎರಡನೆಯ ವಾರ ಅವರು "ಇವತ್ತೋ ನಾಳೆಯೋ" ಎಂದರು. ನಾಲ್ಕನೆಯ ವಾರ ಏನೂ ಅನ್ನದೆ ನಾಡಿ ಹಿಡಿದು, ಗೋಡೆ ನೋಡಿ, ಎದ್ದು ಹೋದರು. ಆಮೇಲೆ ಈ ಬೀದಿಯ ಕಡೆ ಬರುವುದನ್ನೇ ಬಿಟ್ಟರು. ಪಾಪ, ಅವರ ಮಾತಿಗೂ ಒಂದು ಮರ್ಯಾದೆ ಇರುತ್ತದಲ್ಲ.

ಮುದುಕರಿಗೆ ಗಾಳಿ ಬೆಳಕು ಬೇಕೆಂದು ಮಂಚವನ್ನು ಮುಂದಿನ ಕೋಣೆಯಲ್ಲಿ ಹಾಕಿದ್ದರು. ಮುಂದಿನ ಕೋಣೆ ಎಂದರೆ ದರ್ಜಿಯ ಅಂಗಡಿ. ಹೊಲಿಗೆ ಯಂತ್ರ ಮಹಡಿ ಮೆಟ್ಟಿಲ ಕೆಳಗೆ ಹೋಯಿತು. ಅಲ್ಲಿ ಕುಳಿತರೆ ತಲೆ ಎತ್ತುವಂತಿಲ್ಲ, ಎತ್ತಿದರೆ ಮೆಟ್ಟಿಲು ಬಡಿಯುತ್ತಿತ್ತು. ಬಟ್ಟೆ ಕತ್ತರಿಸುವ ಮೇಜು ಹಿತ್ತಲಿನಲ್ಲಿ ಕಾಲು ಮೇಲೆ ಮಾಡಿ ಮಲಗಿತ್ತು. ಅಳತೆ ಕೊಡಲು ಬಂದ ಗಿರಾಕಿಗಳು ಬಾಗಿಲಲ್ಲಿ ಕಾಲಿಟ್ಟೊಡನೆ, ಗದ್ದದವರೆಗೆ ಬಿಳಿ ಹೊದಿಕೆ ಹೊದ್ದು ಕಣ್ಣು ಮುಚ್ಚಿದ್ದ ಮುದುಕರನ್ನು ಕಂಡು, ದನಿ ತಗ್ಗಿಸಿ "ಯಾವಾಗ ಆಯ್ತು?" ಎಂದು ಕೇಳುತ್ತಿದ್ದರು. ಮುದುಕರು ಕಣ್ಣು ಬಿಟ್ಟು "ಇನ್ನೂ ಆಗಿಲ್ಲ" ಎನ್ನುತ್ತಿದ್ದರು. ಹಾಗೆ ಹೋದ ಗಿರಾಕಿ ಮತ್ತೆ ತಿರುಗಿ ನೋಡಿದ್ದಿಲ್ಲ. ಮದುವೆಯ ಕೋಟು ಹೊಲಿಸಲು ಬಂದ ಒಬ್ಬ ವರ ಅಲ್ಲಿಂದಲೇ ಓಡಿಹೋದ.

ದರ್ಜಿ ಕೆಟ್ಟವನಲ್ಲ. ಮಾವನ ಬೆನ್ನಿಗೆ ದಿಂಬು ಕೊಡುವುದು, ಗಂಜಿ ಕುಡಿಸುವುದು, ಕಾಲು ಒತ್ತುವುದು ಎಲ್ಲವನ್ನೂ ಮುಖ ಗಂಟಿಕ್ಕದೆ ಮಾಡುತ್ತಿದ್ದ. ಆದರೆ ದಿನಾ ಬೆಳಗ್ಗೆ ಎದ್ದ ಕೂಡಲೇ ಮುಂದಿನ ಕೋಣೆಯ ಬಾಗಿಲಿಗೆ ಬಂದು ಕಿವಿಗೊಡುತ್ತಿದ್ದ. ಒಳಗೆ ಉಸಿರಾಟ ಕೇಳಿದಾಗ ಅವನ ಮನಸ್ಸಿಗೆ ಆಗುತ್ತಿದ್ದದ್ದು ಸಮಾಧಾನವಲ್ಲ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಾದಾಗ ನಾಚಿಕೆಯಾಗುತ್ತಿತ್ತು. ನಾಚಿಕೆಗೆ ಇನ್ನಷ್ಟು ಹೊತ್ತು ಕಾಲು ಒತ್ತುತ್ತಿದ್ದ.

ಆ ಭಾನುವಾರ ಬೆಳಗ್ಗೆ ಮುದುಕರು ಮಗಳನ್ನು ಕರೆದು, "ಮೀನು ತಿನ್ನಬೇಕು ಕಣಮ್ಮ" ಅಂದರು.

"ತರಿಸ್ತೀನಿ ಇರಪ್ಪ."

"ತರಿಸಿದ್ದು ಬೇಡ. ಬಲೆ ಹಾಕಿ ತಂದದ್ದೂ ಬೇಡ, ದೋಣೀಲಿ ಹೋಗಿ ತಂದದ್ದೂ ಬೇಡ. ದಡದಲ್ಲಿ ಅಲೆಗೆ ಎದುರಾಗಿ ನಿಂತು, ಗಾಳ ಎಸೆದು ಹಿಡಿದದ್ದು. ನಮ್ಮ ಮನೆಯವರ ಕೈಯಲ್ಲೇ ಹಿಡಿದದ್ದು. ಅದೊಂದು ತಿಂದೆ ಅಂದ್ರೆ ನೆಮ್ಮದಿಯಾಗಿ ಹೋಗಿಬಿಡ್ತೀನಿ. ತಿನ್ನದೇ ಹೋಗಲ್ಲ."

ಮುದುಕರು ನಲವತ್ತು ವರ್ಷ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿದವರು. ಆ ನಲವತ್ತು ವರ್ಷವೂ ರಜೆಯ ದಿನವೆಂದರೆ ಸಮುದ್ರದ ದಡ. ಇಲ್ಲಿಗೆ ಬರುವಾಗ ಎರಡು ಜೊತೆ ಬಟ್ಟೆ, ಔಷಧಿ ಮತ್ತು ಹನ್ನೆರಡು ಅಡಿಯ ಗಾಳದ ಕೋಲು ತಂದಿದ್ದರು. ಕೋಲು ಮನೆಯೊಳಗೆ ಹಿಡಿಸದೆ ಅದರ ತುದಿ ಕಿಟಕಿಯಿಂದ ಬೀದಿಗೆ ಚಾಚಿಕೊಂಡಿತ್ತು.

"ಹಾಗಾದ್ರೆ ಅಣ್ಣನ್ನ ಕರೆಸ್ತೀನಿ. ಅವನಿಗೆ ಒಂದು ಗಂಟೆ ಸಾಕು" ಎಂದಳು ಮಗಳು. ಅವಳ ಅಣ್ಣ ಮೀನು ಹಿಡಿಯುವುದರಲ್ಲಿ ಅಪ್ಪನನ್ನು ಮೀರಿಸಿದವನೆಂದು ಹೆಸರಾಗಿದ್ದ.

"ಅವನು ಬೇಡ" ಅಂದರು ಮುದುಕರು. "ಅಳಿಯಂದ್ರು ಹಿಡೀಲಿ."

ಬಾಗಿಲ ಮರೆಯಲ್ಲಿ ನಿಂತಿದ್ದ ದರ್ಜಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು. ಸೂಜಿ ಹಿಡಿದು ಬದುಕುವವನಿಗೆ ಮಗಳನ್ನು ಕೊಡಬೇಕಾಯಿತಲ್ಲ ಎಂಬ ಅಸಮಾಧಾನವನ್ನು ಮಾವ ಒಂದು ದಿನವೂ ಮುಚ್ಚಿಟ್ಟವರಲ್ಲ. ಅಂಥವರು ಕೊನೆಗಾಲಕ್ಕೆ, ಮಗನನ್ನು ಬಿಟ್ಟು ತನ್ನ ಕೈಯ ಮೀನೇ ಬೇಕು ಎನ್ನುತ್ತಿದ್ದಾರೆ. ದರ್ಜಿ ಕೊರಳಿನ ಟೇಪು ಸರಿಮಾಡಿಕೊಂಡು ಒಳಗೆ ಬಂದ. ಆದರೂ ಕಣ್ಣು ಮಾತ್ರ ತಾನಾಗಿಯೇ ಕಿಟಕಿಯ ಕೆಳಗಿನ ನೆಲಕ್ಕೆ ಹೋಯಿತು. ಯಂತ್ರ ಇದ್ದ ಜಾಗದಲ್ಲಿ ಅದರ ನಾಲ್ಕು ಕಾಲಿನ ಗುರುತು ಇನ್ನೂ ಇತ್ತು. ಮೀನು ತಿಂದರೆ ಹೋಗುತ್ತಾರೆ, ಹೋದರೆ ಕೋಣೆ ಬರುತ್ತದೆ. ಈ ಲೆಕ್ಕ ಅವನು ಬೇಡವೆಂದರೂ ತಲೆಯಲ್ಲಿ ಆಗಿಹೋಯಿತು.

"ನನಗೆ ಗಾಳ ಹಿಡಿದು ಗೊತ್ತಿಲ್ಲ ಮಾವ" ಎಂದ.

"ನಾನಿಲ್ವಾ ಹೇಳಿಕೊಡೋಕೆ. ಬರ್ಕೊಳ್ಳಿ."

ದರ್ಜಿ ಅಳತೆ ಪುಸ್ತಕ ತಂದ. ಎದೆ, ಸೊಂಟ, ತೋಳು ಎಂದು ಗೆರೆ ಎಳೆದ ಹಾಳೆಯ ಮೇಲೆಯೇ ಬರೆದುಕೊಂಡ. ಮುದುಕರು ಕಣ್ಣು ಮುಚ್ಚಿ, ನಿಧಾನವಾಗಿ, ಒಂದೊಂದೇ ಹೇಳಿದರು. "ಮಟಮಟ ಮಧ್ಯಾಹ್ನ ಹೋಗಬೇಕು. ನೀರು ಇಳೀತಾ ಇರಬೇಕು. ಅಲೆ ಎಲ್ಲಿ ಬೆಳ್ಳಗೆ ನೊರೆ ಕಾರುತ್ತೋ ಅಲ್ಲಿ ನಿಲ್ಲಿ. ದಡದ ಪಕ್ಕದಲ್ಲೇ ನೀರು ಕಪ್ಪಗೆ ಸುಮ್ಮನಿರೋ ಒಂದು ಪಟ್ಟಿ ಕಾಣುತ್ತೆ, ಅದರ ಕಡೆ ತಿರುಗಿ ಕೂಡ ನೋಡಬೇಡಿ, ಅಲ್ಲಿ ಏನೂ ಇರಲ್ಲ. ಕೈಲಾದಷ್ಟು ದೂರ ಎಸೀಬೇಕು. ಎರೆಗೆ ಬ್ರೆಡ್ಡು, ನೆನೆಸಿ ಉಂಡೆ ಮಾಡಿ. ಗಾಳ ಅಂಗಡೀಲಿರೋ ದೊಡ್ಡದನ್ನೇ ತಗೊಳ್ಳಿ. ಕೋಲಿಗಿರೋ ದಾರದ ರೀಲು ಬಿಗಿಯಾಗಿ ತಿರುಗಿಸಿಬಿಡಿ, ಗೇಣು ದಾರಾನೂ ಬಿಡಕೂಡದು. ಇಷ್ಟೇ. ಇದರಲ್ಲಿ ಒಂದೂ ಆಚೀಚೆ ಆಗಬಾರದು."

ಬರೆದು ಮುಗಿಸುವುದರೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟಿತ್ತು. ಮೊದಲು ಬಂದವರು ಡ್ರಿಲ್ ಮೇಷ್ಟ್ರು. ಶಾಲೆಯಿಂದ ನಿವೃತ್ತರಾದ ಮೇಲೆ ಅವರಿಗೆ ಎಡ ಬಲ ತಿರುಗಿಸಲು ಮಕ್ಕಳು ಸಿಗದೆ ಬೀದಿಯನ್ನೇ ತಿರುಗಿಸುತ್ತಿದ್ದರು. ಮುದುಕರ ಕೊನೆಯ ಯಾತ್ರೆಯ ವ್ಯವಸ್ಥೆಯನ್ನು ಎಂಟು ವಾರದ ಹಿಂದೆಯೇ ಕೈಗೆತ್ತಿಕೊಂಡು, ಯಾರು ಮುಂದೆ ಹೊರಬೇಕು, ಯಾರು ಹಿಂದೆ, ಬೀದಿಯ ತಿರುವಿನಲ್ಲಿ ಹೆಗಲು ಬದಲಿಸುವುದು ಎಲ್ಲಿ ಎಂದೆಲ್ಲ ಪಟ್ಟಿ ಮಾಡಿದ್ದರು. ತೋಳಿಗೆ ಕಟ್ಟಲು ಹನ್ನೆರಡು ಕಪ್ಪು ಪಟ್ಟಿಗಳನ್ನು ದರ್ಜಿಯ ಕೈಯಲ್ಲೇ ಹೊಲಿಸಿಯೂ ಇಟ್ಟಿದ್ದರು. ಅಂಥ ವ್ಯವಸ್ಥೆ ಸುಮ್ಮನೆ ಕೊಳೆಯುತ್ತಿರುವುದು ಅವರ ಹೊಟ್ಟೆಗೆ ಬೆಂಕಿ ಇಟ್ಟಿತ್ತು.

"ಟೈಲರೇ, ಇದು ನಿಮ್ಮೊಬ್ಬರ ಮನೆ ವಿಚಾರ ಅಲ್ಲ. ಹಿರಿಯರ ಕೊನೇ ಆಸೆ. ಇಡೀ ಬೀದಿಯ ಜವಾಬ್ದಾರಿ" ಎಂದರು. "ಹನ್ನೊಂದಕ್ಕೆ ಇಲ್ಲಿಂದ ಹೊರಡೋದು. ನಾನು ಮುಂದೆ, ನೀವು ಮಧ್ಯೆ."

ಹಿಂದೆ ಯಾರೆಂದರೆ ಲಾಂಡ್ರಿಯವನು. ಅವನಿಗೆ ಈ ಪ್ರಪಂಚದಲ್ಲಿ ಗೊತ್ತಿಲ್ಲದ ವಿಷಯವಿರಲಿಲ್ಲ. ಗೊತ್ತಿಲ್ಲದ್ದನ್ನು ನಡೆಯುತ್ತಲೇ ಮೊಬೈಲಿನಲ್ಲಿ ನೋಡಿ ತಿಳಿದುಕೊಳ್ಳುತ್ತಿದ್ದ. ಅವನ ಹಿಂದೆ ಮಡಚುವ ಕುರ್ಚಿ, ಕೊಡೆ ಹಿಡಿದು ಬೇಕರಿಯಾಕೆ. ಆಕೆ ಯಾರ ಮನೆಯ ಕಷ್ಟಕ್ಕೂ ಅಳುವ ಧಾರಾಳಿ. ಬ್ರೆಡ್ಡನ್ನು ಆಕೆಯೇ ಕೊಟ್ಟಳು, ಅದೂ ಕಣ್ಣೀರು ಹಾಕುತ್ತ. "ಇದು ನನ್ನ ಕಡೆಯಿಂದ ಕಣಪ್ಪ. ಪುಣ್ಯಾತ್ಮರು, ಇನ್ನು ಸಂಜೆಗೆ ನೋಡೋಕೆ ಸಿಗ್ತಾರೋ ಇಲ್ವೋ."

ದಾರಿಯಲ್ಲಿ ಗಾಳದ ಅಂಗಡಿಯಾಕೆ ದರ್ಜಿ ಆರಿಸಿದ ಗಾಳವನ್ನು ನೋಡಿ, ಅವನನ್ನು ನೋಡಿ, "ಇದಕ್ಕೆ ಎಮ್ಮೆ ಸಿಗಬಹುದು, ಮೀನು ಸಿಗಲ್ಲ" ಎಂದಳು.

"ನಮ್ಮ ಮಾವ ಹೇಳಿದ್ದಾರೆ. ನಲವತ್ತು ವರ್ಷದ ಅನುಭವ."

"ಎರೆ?"

"ಬ್ರೆಡ್ಡು."

ಆಕೆ ಬಾಯಿ ತೆರೆದಳು. ಆಮೇಲೆ ನಲವತ್ತು ವರ್ಷದ ಅನುಭವಕ್ಕೆ ಎದುರು ಮಾತಾಡುವುದು ಯಾಕೆಂದು ಬಾಯಿ ಮುಚ್ಚಿ, ಗಾಳ, ದಪ್ಪ ದಾರ, ಸೀಸದ ಗುಂಡು ಎಲ್ಲವನ್ನೂ ಕಾಗದದಲ್ಲಿ ಕಟ್ಟಿ ಕೊಟ್ಟಳು.

ಕಡಲತೀರದಲ್ಲಿ ಬಿಸಿಲು ಬೆಂಕಿ ಸುರಿಯುತ್ತಿತ್ತು. ನೀರು ಇಳಿಯುತ್ತಿತ್ತು. ಬುದ್ಧಿಯಿದ್ದ ಯಾವ ಮನುಷ್ಯನೂ ಅಲ್ಲಿರಲಿಲ್ಲ. ದರ್ಜಿ ಪ್ಯಾಂಟು ಮೊಣಕಾಲಿಗೆ ಮಡಚಿ, ಕೊರಳಲ್ಲಿ ಅಭ್ಯಾಸಬಲದಿಂದ ನೇತುಬಿದ್ದಿದ್ದ ಅಳತೆ ಟೇಪಿನ ಸಮೇತ, ನೊರೆ ಕಾರುವ ಅಲೆ ಹುಡುಕಿ ನಿಂತ. ದಾರವನ್ನು ಕೋಲಿನ ಬಳೆಗಳಲ್ಲಿ ಪೋಣಿಸುವುದು ಅವನಿಗೆ ಕಷ್ಟವಾಗಲಿಲ್ಲ. ಗಾಳಕ್ಕೆ ಗುಂಡಿ ಹೊಲಿಯುವ ಗಂಟನ್ನೇ ಹಾಕಿದ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

"ಎದೆ ಮುಂದೆ, ಹೊಟ್ಟೆ ಒಳಗೆ. ಕೋಲು ಹಿಂದಕ್ಕೆ. ಒಂದು, ಎರಡು" ಎಂದು ಬೆನ್ನ ಹಿಂದೆಯೇ ನಿಂತು ಮೇಷ್ಟ್ರು ಎಣಿಸಿದರು.

ಮೂರಕ್ಕೆ ದರ್ಜಿ ಮೈಬಲವೆಲ್ಲ ಹಾಕಿ ಬೀಸಿದ. ಕೋಲು ಬಾಗಿತು, ಗಾಳ ಮಾತ್ರ ಬರಲಿಲ್ಲ. ಅದು ಮೇಷ್ಟ್ರ ಪ್ಯಾಂಟಿನ ಹಿಂಭಾಗಕ್ಕೆ ಸಿಕ್ಕಿಕೊಂಡಿತ್ತು. ಎರಡನೆಯ ಸಲ ಎಳೆದಾಗ ಪರ್ರೆಂದು ಸದ್ದಾಯಿತು. ಆ ಪ್ಯಾಂಟನ್ನು ಹೊಲಿದವನೂ ದರ್ಜಿಯೇ. ಓಡಿಹೋಗಿ ನೋಡಿದ. ಒಂದು ಗೇಣು ಬಟ್ಟೆ ಹರಿದಿತ್ತು, ಹೊಲಿಗೆ ಮಾತ್ರ ಒಂದು ಎಳೆಯೂ ಬಿಟ್ಟಿರಲಿಲ್ಲ.

"ನೋಡಿ ಮೇಷ್ಟ್ರೇ, ಹೊಲಿಗೆ ಹೇಗೆ ನಿಂತಿದೆ" ಎಂದುಬಿಟ್ಟ. ಮೇಷ್ಟ್ರು ಅದಕ್ಕೆ ಕೊಟ್ಟ ಉತ್ತರ ಶಾಲೆಯಲ್ಲಿ ಕಲಿಸುವಂಥದ್ದಾಗಿರಲಿಲ್ಲ. ಬೇಕರಿಯಾಕೆಯ ಕೊಡೆಯನ್ನು ಕಸಿದು ಹಿಂಭಾಗಕ್ಕೆ ಹಿಡಿದುಕೊಂಡು, ಅವರು ಯಾರ ಕಡೆಗೂ ಬೆನ್ನು ತಿರುಗಿಸದಂತೆ ಅಡ್ಡಡ್ಡಲಾಗಿ ಮನೆಯ ಕಡೆ ನಡೆದರು.

ಅಲ್ಲಿಂದ ಮುಂದೆ ಮೂರು ಗಂಟೆಗೂ ಹೆಚ್ಚು ಹೊತ್ತು ದರ್ಜಿ ಎಸೆದ. ಎಸೆದಾಗಲೆಲ್ಲ ಬ್ರೆಡ್ಡಿನ ಉಂಡೆ ಗಾಳ ಬಿಟ್ಟು ಗಾಳಿಯಲ್ಲೇ ಒಡೆದುಹೋಗುತ್ತಿತ್ತು. ಅದಕ್ಕೆ ಕಡಲಹಕ್ಕಿಗಳು ಬಂದವು. ಮೊದಲು ಎರಡು, ಆಮೇಲೆ ಇಪ್ಪತ್ತು, ಆಮೇಲೆ ಎಣಿಸುವುದನ್ನು ಬಿಟ್ಟ. ಒಂದು ಅವನ ತಲೆಯ ಮೇಲೆಯೇ ಕೂತು ಕಾದಿತ್ತು. ಲಾಂಡ್ರಿಯವನು ಮೊಬೈಲ್ ಹಿಡಿದು, "ಇಲ್ಲಿ ಬೇರೆ ಥರ ಹೇಳ್ತಾರಲ್ರೀ. ಬೆಳಗ್ಗೆ ಬರಬೇಕಂತೆ, ಹತ್ತಿರ ಎಸೀಬೇಕಂತೆ" ಎಂದ.

"ಮಾವ ಹೇಳಿದ್ದು ಇದು" ಎಂದು ದರ್ಜಿ ಪುಸ್ತಕ ತೆಗೆದು ತೋರಿಸಿದ.

"ಇರಬಹುದು ಬಿಡಿ. ದೊಡ್ಡವರ ಗುಟ್ಟು ಬೇರೇನೇ ಇರುತ್ತೆ."

ಮತ್ತೊಂದು ಸಲ ಶಕ್ತಿಮೀರಿ ಬೀಸಿದಾಗ, ರೀಲು ಬಿಗಿದಿದ್ದರಿಂದ ದಾರ ಟಪ್ಪೆಂದು ಕಿತ್ತು, ಎಮ್ಮೆ ಹಿಡಿಯುವ ಗಾಳವೂ ಸೀಸದ ಗುಂಡೂ ಅವನನ್ನು ಬಿಟ್ಟು ತಾವೇ ದೂರದ ಸಮುದ್ರಕ್ಕೆ ಹಾರಿಹೋದವು. ಅದನ್ನೇ ನೋಡುತ್ತ ನಿಂತಿದ್ದಾಗ, ಅವನು ಗಮನಿಸದ ಅಲೆಯೊಂದು ಬಂದು ಮೊಣಕಾಲಿಗೆ ಹೊಡೆಯಿತು. ಬಿದ್ದ. ಅಲೆ ಹಿಂದಿರುಗುವಾಗ ಅವನನ್ನೂ ಕರೆದುಕೊಂಡು ಹೊರಟಿತು. ಬಾಯಿಗೆ ಉಪ್ಪುನೀರು, ಕಣ್ಣಿಗೆ ಮರಳು, ಕಾಲಿಗೆ ನೆಲವಿಲ್ಲ. ಕೈಯಲ್ಲಿ ಕೋಲು ಮಾತ್ರ ಬಿಟ್ಟಿರಲಿಲ್ಲ. ಮಾವ ಹೋಗುವ ಮೊದಲು ತಾನೇ ಹೋಗುತ್ತೇನೆ, ಮೇಷ್ಟ್ರ ಹನ್ನೆರಡು ಪಟ್ಟಿ ತನಗೇ ಕಟ್ಟುತ್ತಾರೆ ಎಂದುಕೊಂಡ. ಸಾವು ಎಂದರೆ ಬರೀ ಒಂದು ಕೋಣೆ ಖಾಲಿಯಾಗುವುದಲ್ಲ, ಹೀಗೆ ಕಾಲಿಗೆ ನೆಲ ಸಿಗದಿರುವುದು ಎಂದು ಅವನಿಗೆ ಆಗ ತಿಳಿಯಿತು. ಅಷ್ಟರಲ್ಲಿ ಇನ್ನೊಂದು ಅಲೆ ಬಂದು ಅವನನ್ನು ದಡಕ್ಕೆ ಉಗುಳಿತು.

ಬೇಕರಿಯಾಕೆ ಅತ್ತಳು. ಅತ್ತು ಮುಗಿಸಿ, "ಇದು ಆಗೋ ಕೆಲಸ ಅಲ್ಲಪ್ಪ, ಸುಮ್ಮನೆ ಮನೆಗೆ ಬಾ" ಎಂದು ಕುರ್ಚಿ ಮಡಚಿದಳು. ಲಾಂಡ್ರಿಯವನ ಮೊಬೈಲಿನಲ್ಲಿ ಚಾರ್ಜು ಮುಗಿದಿತ್ತು, ಅದರ ಜೊತೆಗೆ ಅವನ ಸಲಹೆಗಳೂ ಮುಗಿದಿದ್ದವು. ಇಬ್ಬರೂ ಹೊರಟುಹೋದರು.

ದರ್ಜಿ ಒಬ್ಬನೇ ಉಳಿದ. ಗಂಟೆ ನಾಲ್ಕಾಗಿತ್ತು, ನೀರು ತಿರುಗಿ ಏರಲು ಶುರುವಾಗಿತ್ತು. ಬರಿಗೈಯಲ್ಲಿ ಹೋದರೆ ಬೀದಿ ನಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಸಲ ನಂಬಿದ ಮಾವ ಏನಂದುಕೊಂಡಾರು? ಕೋಲಿನ ಹಿಡಿಯಲ್ಲಿ ಮುದುಕರ ಕಾಲದ್ದೊಂದು ಚಿಕ್ಕ ಗಾಳ ಚುಚ್ಚಿಕೊಂಡಿತ್ತು, ಬೆರಳ ತುದಿಯಷ್ಟು ಸೀಸವೂ ಅದಕ್ಕೆ ಕಟ್ಟಿತ್ತು. ಅದನ್ನೇ ದಾರಕ್ಕೆ ಕಟ್ಟಿದ. ಬ್ರೆಡ್ಡು ಒಂದು ಚೂರೂ ಉಳಿದಿರಲಿಲ್ಲ. ಆಗಲೇ ಒದ್ದೆ ಮರಳಿನಿಂದ ಎದ್ದ ಒಂದು ಚಿಕ್ಕ ಏಡಿ ಅವನ ಕಾಲಿನ ಹೆಬ್ಬೆರಳನ್ನು ಕಚ್ಚಿತು. ಬೆಳಗ್ಗಿನಿಂದ ಯಾರ ಮೇಲೂ ತೋರಿಸದ ಸಿಟ್ಟೆಲ್ಲ ಏಡಿಯ ಮೇಲೆ ತಿರುಗಿತು. ಹಿಡಿದು ಗಾಳಕ್ಕೆ ಚುಚ್ಚಿ ಎಸೆದ.

ಎಸೆದ ಎನ್ನುವುದೂ ದೊಡ್ಡ ಮಾತೇ. ಭುಜ ಸತ್ತುಹೋಗಿತ್ತು. ಗಾಳ ಹತ್ತು ಹೆಜ್ಜೆ ಆಚೆ, ನೋಡಲೇಬಾರದೆಂದು ಮಾವ ಹೇಳಿದ್ದ ಆ ಕಪ್ಪು ನೀರಿನ ಪಟ್ಟಿಯಲ್ಲಿ ಪುಳಕ್ಕೆಂದು ಬಿತ್ತು. ಇನ್ನೊಮ್ಮೆ ಎಸೆಯಲು ದಾರ ಸುತ್ತಿಕೊಳ್ಳೋಣವೆಂದರೆ, ಮರಳು ಹೊಕ್ಕ ರೀಲು ಬಿಗಿಯೇ ಆಗಲಿಲ್ಲ, ಸುಮ್ಮನೆ ತಿರುಗುತ್ತಿತ್ತು.

ಕೋಲು ಒಮ್ಮೆ ತಲೆಯಾಡಿಸಿತು. ಆಮೇಲೆ ಬಾಗಿತು.

ದಾರ ಹೋಯಿತು, ಅವನು ಎಳೆದ. ಮತ್ತೆ ಹೋಯಿತು, ಮತ್ತೆ ಎಳೆದ. ಸಡಿಲ ರೀಲು ಬಿಟ್ಟುಕೊಟ್ಟಿದ್ದರಿಂದ ದಾರ ಕಿತ್ತುಬರಲಿಲ್ಲ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಕೊನೆಗೊಂದು ಅಲೆಯ ಜೊತೆ ಅಗಲವಾದ ಬೆಳ್ಳಿ ಬಣ್ಣದ ಮೀನೊಂದು ಮರಳಿನ ಮೇಲೆ ಬಂದು ಬಿದ್ದು ಒದ್ದಾಡಿತು. ದರ್ಜಿ ಅದರ ಮೇಲೆ ಮೈಚೆಲ್ಲಿ ಬಿದ್ದ. ಎದ್ದು ಕುಳಿತು ಮೊದಲು ಮಾಡಿದ ಕೆಲಸ ಕೊರಳಿನ ಟೇಪು ತೆಗೆದು ಅಳೆದದ್ದು. ಉದ್ದ ಹದಿನೆಂಟೂವರೆ ಇಂಚು, ನಡು ಹದಿಮೂರು. ಜೀವನವಿಡೀ ಇನ್ನೊಬ್ಬರ ಅಳತೆಗೆ ಕತ್ತರಿಸಿದವನಿಗೆ ಇದು ತನ್ನದೇ ಎನ್ನಿಸಿತು. ಖಾಲಿ ದಡದಲ್ಲಿ ಒಬ್ಬನೇ ನಕ್ಕ, ಸ್ವಲ್ಪ ಅತ್ತ. ನೋಡಲು ಯಾರೂ ಇರಲಿಲ್ಲ ಎಂಬುದೊಂದೇ ಬೇಸರ.

ಬೀದಿಗೆ ಬಂದಾಗ ಬೇರೆ ಪ್ಯಾಂಟು ಹಾಕಿಕೊಂಡು ಮೇಷ್ಟ್ರು ಕಾಯುತ್ತಿದ್ದರು. "ದಾರೀಲಿ ಕೊಂಡದ್ದಲ್ಲ ತಾನೇ?" ಎಂದು ಮೀನಿನ ಬಾಯಿ ಬಿಡಿಸಿ ನೋಡಿದರು. ತುಟಿಯಲ್ಲಿ ಗಾಳದ ತೂತು ಇತ್ತು. ಅರೆಮನಸ್ಸಿನಿಂದಲೇ ಅವನ ಬೆನ್ನು ತಟ್ಟಿ, ಮರುಕ್ಷಣ ಪಟ್ಟಿ ತರಲು ಮನೆಗೆ ಹೋದರು. ಹೆಂಡತಿ ಏನನ್ನೂ ಪರೀಕ್ಷಿಸಲಿಲ್ಲ. ಒದ್ದೆ ಬಟ್ಟೆ, ಸಿಪ್ಪೆ ಸುಲಿದ ಮೂಗು, ದಾರ ಕೊಯ್ದ ಕೈ ನೋಡಿ ಸೆರಗಿನಿಂದ ಅವನ ಮುಖ ಒರೆಸಿ, "ನೀವು ಹಿಡೀತೀರಿ ಅಂತ ನನಗೆ ಗೊತ್ತಿತ್ತು ರೀ" ಎಂದಳು. ಗೊತ್ತಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅಂಥ ಮಾತು ಕೇಳಿ ಅವನಿಗೆ ಬಹಳ ವರ್ಷವಾಗಿತ್ತು.

ಅರ್ಧ ಗಂಟೆಯಲ್ಲಿ ಬೀದಿಯೆಲ್ಲ ಬಾಗಿಲಲ್ಲಿ ನೆರೆಯಿತು. ಕೆಲವರು ಕಪ್ಪು ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು. ಹೊದಿಕೆ ಸರಿಸಿಕೊಂಡು ಮುದುಕರು, "ಮೊದಲು ಮೀನು ತೋರಿಸಿ. ಅಳಿಯಂದ್ರೊಬ್ಬರೇ ಇರಲಿ, ಉಳಿದವರು ಹೊರಗೆ ಹೋಗಿ" ಎಂದರು.

ಬಾಗಿಲು ಮುಚ್ಚಿತು. ದರ್ಜಿ ತಟ್ಟೆಯಲ್ಲಿ ಮೀನಿಟ್ಟು ಮಂಚದ ಪಕ್ಕ ನಿಂತ. ಹೊಗಳಿಕೆ ಕೇಳಲು ಮೈಯೆಲ್ಲ ಕಿವಿಯಾಗಿತ್ತು. ಮುದುಕರು ಮೀನಿನ ತುಟಿಯ ಮೇಲೆ ಬೆರಳಾಡಿಸಿದರು. ಅವರ ಮುಖದ ಬಣ್ಣ ಇಳಿದುಹೋಯಿತು.

"ಗಾಳ ಎಲ್ಲಿ ಬಿದ್ದಿತ್ತು?"

"ಕಾಲಬುಡದಲ್ಲೇ. ಆ ಕಪ್ಪು ನೀರಲ್ಲಿ."

"ಎರೆ?"

"ಬ್ರೆಡ್ಡು ಮುಗಿದಿತ್ತು ಮಾವ. ಒಂದು ಏಡಿ ಸಿಕ್ತು."

"ಹೊತ್ತು?"

"ನಾಲ್ಕರ ಮೇಲೆ. ನೀರು ಏರ್ತಾ ಇತ್ತು. ರೀಲೂ ಸಡಿಲ ಆಗಿಬಿಟ್ಟಿತ್ತು. ತಪ್ಪಾಯ್ತು."

"ನಾನು ಹೇಳಿದ್ದರಲ್ಲಿ ಒಂದನ್ನಾದ್ರೂ ಮಾಡಿದ್ರೆ ಸಿಗ್ತಿರಲಿಲ್ವಲ್ಲ" ಎಂದರು ಮುದುಕರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನಲವತ್ತು ವರ್ಷ ಹಿಡಿದವನಿಗೆ ಹೇಗೆ ಹಿಡೀಬಾರದು ಅನ್ನೋದೂ ಗೊತ್ತಿರುತ್ತೆ. ಎಲ್ಲಾ ತಿರುಗಾಮುರುಗಾ ಹೇಳಿಕೊಟ್ಟಿದ್ದೆ."

ದರ್ಜಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. "ಯಾಕೆ ಮಾವ?"

"ಆ ಮೀನು ತಿನ್ನದೇ ಹೋಗಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಜನರ ಬಾಯಿ ಮುಚ್ಚಿಸೋಕೆ ಹೇಳಿದ ಮಾತು, ಹೇಳ್ತಾ ಹೇಳ್ತಾ ನಾನೇ ನಂಬಿಬಿಟ್ಟೆ. ಇದು ಸಿಗೋವರೆಗೆ ಸಾವು ಬಾಗಿಲಲ್ಲೇ ನಿಂತಿರಬೇಕು, ಒಳಗೆ ಬರೋ ಹಾಗಿಲ್ಲ ಅಂತ. ಮಗ ಹೋದ್ರೆ ಒಂದು ಗಂಟೇಲಿ ಹಿಡಿದು ತರ್ತಾನೆ. ಅದಕ್ಕೇ ನಿಮ್ಮ ಹೆಸರು ಹೇಳಿದ್ದು. ನಮ್ಮ ಇಡೀ ಸಂಬಂಧದಲ್ಲಿ ಇದು ಖಂಡಿತ ಆಗಲ್ಲ ಅಂತ ನಂಬಬಹುದಾಗಿದ್ದವರು ನೀವೊಬ್ಬರೇ."

ಹತ್ತೊಂಬತ್ತು ವರ್ಷ ಕಾದ ನಂಬಿಕೆ ಇದು. ದರ್ಜಿಗೆ ಅಳಬೇಕೋ ನಗಬೇಕೋ ತೋಚಲಿಲ್ಲ. ಹೊರಗೆ ಬೇಕರಿಯಾಕೆ ಮೂಗು ಸೀಟಿಕೊಳ್ಳುವುದು ಕೇಳುತ್ತಿತ್ತು. ಮುದುಕರ ಕೈ ಹೊದಿಕೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

"ಭಯ ಆಗುತ್ತೆ ಅಳಿಯಂದ್ರೇ" ಎಂದರು. "ಯಾರಿಗೂ ಹೇಳಬೇಡಿ. ಸಿಕ್ಕಾಪಟ್ಟೆ ಭಯ ಆಗುತ್ತೆ."

ದರ್ಜಿ ಕಿಟಕಿಯ ಕಡೆ ನೋಡಿದ. ಸಂಜೆಯ ಬೆಳಕು ಯಂತ್ರದ ಜಾಗದಲ್ಲಿ ಸರಿಯಾಗಿ ಬಿದ್ದಿತ್ತು; ಆ ಬೆಳಕಿನಲ್ಲಿ ಅವನು ಕಣ್ಣು ಕಿರಿದು ಮಾಡದೆ ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುತ್ತಿದ್ದ ಕಾಲವೊಂದಿತ್ತು. ತಟ್ಟೆ ಮುಂದಿಟ್ಟು "ತಿನ್ನಿ" ಎಂದರೆ ಸಾಕು. ಮಧ್ಯಾಹ್ನ ಕಾಲಿಗೆ ನೆಲ ಸಿಗದೆ ಹೋದದ್ದು ನೆನಪಿಗೆ ಬಂತು. ಅವನು ಹೋಗಿ ಬಾಗಿಲು ತೆರೆದ.

"ಇದು ನಾನು ಹಿಡಿದದ್ದಲ್ಲ" ಎಂದ. "ಕೊಂಡು ತಂದೆ. ತುಟಿಗೆ ನಾನೇ ಸೂಜಿ ಚುಚ್ಚಿದ್ದು. ಮಾವನಿಗೆ ಗೊತ್ತಾಗಿಹೋಯ್ತು."

ಹೆಂಡತಿಯ ಮುಖವನ್ನು ನೋಡಬಾರದೆಂದುಕೊಂಡರೂ ನೋಡಿಬಿಟ್ಟ. ಇನ್ನು ಎಷ್ಟು ವರ್ಷ ಬದುಕಿದರೂ ಆ ಮುಖ ತನ್ನ ಜೊತೆಗಿರುತ್ತದೆ ಎಂದು ಅವನಿಗೆ ಆ ಕ್ಷಣವೇ ತಿಳಿಯಿತು.

ಅದೇ ಸಮಯಕ್ಕೆ ಒಳಗಿನಿಂದ, ಒಂಬತ್ತು ವಾರದಲ್ಲಿ ಯಾರೂ ಕೇಳಿರದ ದನಿಯೊಂದು ಎದ್ದಿತು. "ಸಾಯೋ ಮುದುಕನಿಗೆ ಮೋಸ ಮಾಡ್ತೀರಾ? ಬಾಯಿಗೆ ಬೀಳೋ ಕೊನೇ ತುತ್ತಲ್ಲೂ ಸುಳ್ಳಾ? ಇಂಥವರ ಮನೇಲಿ ನಾನು ಹೇಗೆ ಕಣ್ಣು ಮುಚ್ಚಲಿ?" ಮುದುಕರು ಬಾಗಿಲಿನವರೆಗೂ ಕೇಳುವಂತೆ, ಏದುಸಿರು ಬಿಡುತ್ತ, ನೆನಪಿಗೆ ಬಂದಷ್ಟು ಬೈದರು. ಅಳಿಯನ ಮಾತಿಗೆ ಬಲ ಕೊಡಲೆಂದು ಬೈದದ್ದು, ಸ್ವಲ್ಪ ಜಾಸ್ತಿಯೇ ಆಯಿತು. ದರ್ಜಿ ತಲೆ ತಗ್ಗಿಸಿ ನಿಂತ. ಹೆಂಡತಿ ಕಣ್ಣೊರೆಸಿಕೊಂಡು ಒಳಮನೆಗೆ ಹೋದಳು.

"ಛೀ, ನಿಮ್ಮಂಥವರಿಗೆ ನನ್ನ ಪ್ಯಾಂಟು ಕೊಟ್ಟೆನಲ್ಲ" ಎಂದು ಮೇಷ್ಟ್ರು ಶುರುಮಾಡಿ, ಬೀದಿಯ ಮಾನ, ಹಿರಿಯರ ಶಾಪ, ಶಿಸ್ತು ಎಲ್ಲದರ ಮೇಲೆ ಕಾಲು ಗಂಟೆ ಮಾತಾಡಿದರು. ಮುಗಿಸಿ, ಹಂಚಿದ್ದ ಕಪ್ಪು ಪಟ್ಟಿಗಳನ್ನು ಎಣಿಸಿ ವಾಪಸು ಇಸಿದುಕೊಂಡರು. ಲಾಂಡ್ರಿಯವನು ತನಗೆ ಮೊದಲೇ ಅನುಮಾನವಿತ್ತು ಎಂದ. ಬೇಕರಿಯಾಕೆ, ಈ ಬೀದಿಯಲ್ಲಿ ಬಂದು ನೆಲೆಸಿದ ಮೇಲೆ ಮೊದಲ ಸಲ, ಅಳದೆ ಮನೆಗೆ ಹೋದಳು.

ಜನ ಕರಗಿದ ಮೇಲೆ ದರ್ಜಿ ಬಾಗಿಲು ಹಾಕಿ ಒಳಗೆ ಬಂದ. ಮುದುಕರು ದಿಂಬಿಗೊರಗಿ ಎದ್ದು ಕುಳಿತಿದ್ದರು. ಬೈದು ಬೈದು ಕೆನ್ನೆಗೆ ರಂಗೇರಿತ್ತು.

"ಅಂಗಡಿ ಮೀನಾದ ಮೇಲೆ ಲೆಕ್ಕಕ್ಕಿಲ್ಲ" ಎಂದರು ಮೆಲ್ಲಗೆ. "ಹಾಳು ಮಾಡೋದ್ಯಾಕೆ? ಒಂದು ತುಂಡು ಬೇಯಿಸೋಕೆ ಹೇಳಿ."

ಹೆಂಡತಿ ಬೇಯಿಸಿದಳು. ಅಪ್ಪನ ಮುಂದೆ ಎರಡು ತುಂಡು ಇಟ್ಟಳು, ಗಂಡನಿಗೆ ತಟ್ಟೆಯನ್ನೇ ಹಾಕಲಿಲ್ಲ. ಅವನು ಮಂಚದ ಪಕ್ಕ ನೆಲದ ಮೇಲೆ ಕುಳಿತು, ತಾನು ಹಿಡಿದ ಮೀನನ್ನು ಮಾವ ತಿನ್ನುವುದನ್ನು ನೋಡಿದ. ಮುದುಕರು ಮುಳ್ಳು ಬಿಡಿಸಿ, ಕಣ್ಣು ಮುಚ್ಚಿ ಅಗಿದರು. ತುಂಬಾ ದಿನದ ಮೇಲೆ ಅವರ ಮುಖದಲ್ಲಿ ಸುಖ ಕಂಡಿತು. ಬಗ್ಗಿ, ಮಗಳಿಗೆ ಕೇಳದ ಹಾಗೆ, "ಒಳ್ಳೇ ಮೀನು ಹಿಡಿದ್ರಿ ಅಳಿಯಂದ್ರೇ" ಎಂದರು. ದರ್ಜಿಗೆ ಕೋಣೆ ಹೋದದ್ದೂ ಮರೆತುಹೋಯಿತು. ಮರ್ಯಾದೆ ಹೋದದ್ದನ್ನೂ ಇನ್ನೇನು ಮರೆಯುವುದರಲ್ಲಿದ್ದ.

ಹೆಂಡತಿ ನೀರಿನ ಲೋಟ ಇಡಲು ಬಂದಳು.

"ಅಪ್ಪಾ, ನೀನಿನ್ನು ಬೇಜಾರು ಮಾಡ್ಕೋಬೇಡ" ಎಂದಳು. "ಆಗಲೇ ಅಣ್ಣನಿಗೆ ಫೋನ್ ಮಾಡಿದೆ. ನೀನು ಇಷ್ಟು ನೊಂದುಕೊಂಡಿದ್ದು ಕೇಳಿ ಅವನೂ ಅತ್ತುಬಿಟ್ಟ. ಬಸ್ಸು ಹತ್ತಿಯಾಯ್ತು, ಬೆಳಗ್ಗೆ ಆರಕ್ಕೆ ಇಳೀತಾನೆ. ಮನೆಗೂ ಬರಲ್ವಂತೆ, ಗಾಳ ಹಿಡ್ಕೊಂಡು ನೇರವಾಗಿ ಸಮುದ್ರಕ್ಕೇ ಹೋಗ್ತಾನಂತೆ."

ಲೋಟ ಇಟ್ಟು ಹೋದಳು.

ಮುದುಕರ ಬಾಯಿ ಅಗಿಯುವುದನ್ನು ನಿಲ್ಲಿಸಿತು.

"ಆರು ಗಂಟೆಗೆ ನೀರು ಹೇಗಿರುತ್ತೆ ಮಾವ?" ದರ್ಜಿ ಕೇಳಿದ.

"ಏರ್ತಾ ಇರುತ್ತೆ."

ದರ್ಜಿ ಸರಿದು ಮಂಚದ ಹತ್ತಿರ ಬಂದ. ಹೊದಿಕೆಯ ಅಂಚನ್ನು ಮತ್ತೆ ಹಿಡಿದುಕೊಂಡಿದ್ದ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡ.

"ಬಸ್ಸು ತಡ ಆದರೂ ಆಗಬಹುದು" ಎಂದ.

ಮುದುಕರು ತಲೆಯಾಡಿಸಿದರು. "ಅವನು ಹತ್ತಿದ ಬಸ್ಸು ಯಾವತ್ತೂ ತಡ ಆಗಿಲ್ಲ."